ಭಾಷಣಕ್ಕೆ ಹೊರಟ ಇನ್ಸ್‌ಪೆಕ್ಟರ್ ಅಕ್ಕ

ಬಸ್ ನಿಲ್ದಾಣದಲ್ಲಿ ಮನಸ್ಸಿನಲ್ಲೇ ದೇವರ ನಾಮ ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಅಕ್ಕತಂಗಿಯರು ಬಂದು ಕುಳಿತರು. ಅಕ್ಕ ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್. ತೊಡೆಯ ಮೇಲೆ ತಾವೇ ಬರೆದ ಪುಸ್ತಕಗಳ ಕಟ್ಟು. ನಾಮ ತುಟಿಯಲ್ಲಿತ್ತು, ಕಿವಿ ಅತ್ತ ಹೋಯಿತು.

“ಅಕ್ಕಾ, ಇವತ್ತೂ ಹಾಗೇ ಮಾಡಿದ್ರೆ ಇನ್ಯಾರೂ ಭಾಷಣಕ್ಕೆ ಕರೆಯಲ್ಲ.”

“ನಾನೇನ್ ಮಾಡ್ದೆ?”

“ಹೋದ ಸಲ ಓದುಗರು ಸಹಿ ಕೇಳಿ ಪುಸ್ತಕ ಚಾಚಿದ್ರೆ, ‘ಪೂರ್ತಿ ಓದಿ, ನೀವೇ ಸಹಿ ಹಾಕಿ’ ಅಂದ್ಯಲ್ಲ.”

“ಠಾಣೇಲಿ ಹಾಗೇ ಕಣೆ ಹಾಕಿಸ್ಕೊಳ್ತಿದ್ದಿದ್ದು. ಅವರೂ ಹಾಕಿದ್ರಲ್ಲ?”

“ಹೆದರಿ ಹಾಕಿದ್ರು. ಸ್ವಲ್ಪ ನಗ್ತಾ ಮಾತಾಡು.”

ಅಕ್ಕ ನಕ್ಕು ತೋರಿಸಿದರು.

“ಬೇಡ ಬಿಡು. ಈ ನಗು ಕಂಡ್ರೆ ಮಾಡದ ತಪ್ಪೂ ಒಪ್ಕೋತಾರೆ.”

ಬಸ್ ಬಂತು. ಅಕ್ಕ ಕೈ ಅಡ್ಡ ಹಿಡಿದರು. ಬಸ್ಸೂ ನಿಂತಿತು, ಹಿಂದಿನ ಲಾರಿಯೂ ನಿಂತಿತು. ಲಾರಿಯವನು ಕಾಗದಪತ್ರ ಹುಡುಕತೊಡಗಿದ.

“ಕೈ ಇಳಿಸಕ್ಕಾ, ಪಾಪ, ಅವನು ಹೋಗ್ಲಿ,” ಎನ್ನುತ್ತ ತಂಗಿ ಅವರನ್ನು ಬಸ್ಸು ಹತ್ತಿಸಿದಳು.