ತೊಟ್ಟಿಯ ಹತ್ತಿರ ಕೂಗಿದವನು

ಇದು ಯಾರೋ ಎಲ್ಲೋ ಕೇಳಿ ಬಂದು ಹೇಳಿದ್ದಲ್ಲ. ನನ್ನ ದೊಡ್ಡಪ್ಪನ ಮಗ ಅನ್ಸೆಲ್ಮ್‌ಗೆ ಆದದ್ದು. ಅವನು ಸುಳ್ಳು ಹೇಳೋನಲ್ಲ ಅಂತ ನಾನು ಆಣೆ ಹಾಕಲಾರೆ. ಯಾಕಂದರೆ ಈ ಕತೆ ಶುರುವಾಗೋದೇ ಅವನ ಒಂದು ಸುಳ್ಳಿನಿಂದ. ಆದರೆ ಇದನ್ನ ನನಗೆ ಹೇಳುವಾಗ ಅವನು ತನ್ನ ತಪ್ಪು ಒಂದನ್ನೂ ಬಿಡದೆ ಹೇಳಿದ...

ನವೆಂಬರ್ ತಿಂಗಳು. ಆರು ಗಂಟೆಗೇ ಕತ್ತಲೆ. ಅನ್ಸೆಲ್ಮ್ ಸೈಕಲ್ ತುಳೀತಾ ನಮ್ಮೂರು ಲ ಶೋಮ್‌ಗೆ ವಾಪಸ್ ಬರ್ತಿದ್ದ. ಸೈಕಲ್ ಅವನದಲ್ಲ. ಸತ್ತವನದು.

ರೆಜೀಸ್ ಅಂತ ಅವನ ಹೆಸರು. ಗಿರಣಿಯ ಆಚೆ, ಗುಡ್ಡದ ಮೇಲೆ ಮನೆ. ಇಪ್ಪತ್ತಾರು ವರ್ಷ ಅವನೂ ಅನ್ಸೆಲ್ಮೂ ಒಂದು ಭಾನುವಾರ ಬಿಡದೆ ಜೊತೆಗೆ ಸೈಕಲ್ ಹೊಡೆದವರು. ನಮ್ಮ ಕಡೆ ರಸ್ತೆ ನಿಮಗೆ ಗೊತ್ತೇ ಇದೆ. ಗಂಟೆಗೊಂದು ಟ್ರ್ಯಾಕ್ಟರ್ ಬಂದರೆ ಅದೇ ಸಂತೆ. ಉಳಿದಂತೆ ಹಸು ಮೆಲುಕು ಹಾಕೋದು ಸಹ ಕೇಳಿಸುತ್ತೆ. ಆ ಮೌನಕ್ಕೇ ಇಬ್ಬರೂ ಮರುಳಾಗಿದ್ದರು.

ಒಂದು ಪಂದ್ಯ ಇತ್ತು ಅವರದು. ಕಾಡಂಚಿನ ಕಲ್ಲು ಶಿಲುಬೆ ಹತ್ತಿರ ದಾರಿ ಎರಡಾಗುತ್ತಲ್ಲ... ಎಡಕ್ಕೆ ಗಿರಣಿ ದಾರಿ, ರೆಜೀಸ್‌ನ ಮನೆಗೆ. ನೇರ ಹೋದರೆ ಇವೆತ್‌ಳ ಮೇಕೆ ಹಟ್ಟಿ, ಅದನ್ನ ದಾಟಿದರೆ ಬಟ್ಟೆ ಒಗೆಯೋ ಹಳೇ ಕಲ್ಲು ತೊಟ್ಟಿ, ಆಮೇಲೆ ಲ ಶೋಮ್. ಶಿಲುಬೆಯಿಂದ ಹೊರಟು ನಮ್ಮೂರ ಹೆಸರಿನ ಫಲಕ ಯಾರು ಮೊದಲು ಮುಟ್ಟುತ್ತಾರೋ ಅವರಿಗೆ ಸೋತವನು ವೈನ್ ಕುಡಿಸಬೇಕು. ಗೆಲ್ಲುತ್ತಿದ್ದದ್ದು ಸದಾ ರೆಜೀಸ್. ಕಾಲಿನ ಬಲದಿಂದಲ್ಲ, ಕಿತಾಪತಿಯಿಂದ. 'ಅಯ್ಯೋ ಪಂಕ್ಚರ್!' ಅಂತ ಹಿಂದಿನಿಂದ ಕೂಗೋನು. ಅನ್ಸೆಲ್ಮ್ ತಿರುಗಿ ನೋಡೋಷ್ಟರಲ್ಲಿ ಎಡಗೈ ಎತ್ತಿ ಬೀಸ್ತಾ ಪಕ್ಕದಲ್ಲೇ ಹಾರಿ ಹೋಗೋನು.

ಹಿಂದಿನ ವರ್ಷ ಅಕ್ಟೋಬರ್. ಸಂಜೆ. ದಾರಿ ತುಂಬ ಒದ್ದೆ ಎಲೆ. ತೊಟ್ಟಿ ದಾಟಿದ ಮೇಲೆ ಹಿಂದೆ 'ಸರ್ರ್...' ಅಂತ ಸದ್ದಾಯಿತು. ಆಮೇಲೆ 'ಧಪ್'. ಆಮೇಲೆ ಕೂಗು.

"ಅನ್ಸೆಲ್ಮ್... ನಿಲ್ಲೋ!"

ಅವನು ನಿಲ್ಲಲಿಲ್ಲ. ಈ ಸಲ ನಾನು ಮೋಸ ಹೋಗಲ್ಲ ಮಗನೇ, ಅಂದುಕೊಂಡು ಇನ್ನೂ ಜೋರಾಗಿ ತುಳಿದ. ಇನ್ನೊಂದು ಸಲ ಕೂಗು ಬಂತು. ದೂರದಿಂದ. ಅವನು ನಕ್ಕ. ಫಲಕ ಮುಟ್ಟಿದ. ಗೆದ್ದ.

ಐದು ನಿಮಿಷ ಕಾದ. ಯಾರೂ ಬರಲಿಲ್ಲ. ಚಳಿ. ಕೆಫೆಗೆ ಹೋದ.

"ಎಲ್ಲಪ್ಪಾ ನಿನ್ನ ಜೋಡಿ?" ಅಂತ ಕೆಫೆಯವನು ಕೇಳಿದ.

"ಸೋಲ್ತೀನಿ ಅಂತ ಗೊತ್ತಾಯ್ತು ನೋಡು. ಶಿಲುಬೆ ಹತ್ತಿರಾನೇ ಬಾಲ ಮುದುರಿಕೊಂಡು ಗಿರಣಿ ದಾರೀಲಿ ಮನೆಗೆ ಹೋದ!"

ಎಲ್ಲರೂ ನಕ್ಕರು. ಅಷ್ಟೇ. ತಮಾಷೆಗೆ ಅಂದದ್ದು.

ಎಂಟು ಗಂಟೆಗೆ ರೆಜೀಸ್‌ನ ಹೆಂಡತಿ ಮೊರಿಸೆತ್ ಕೆಫೆಗೆ ಫೋನ್ ಮಾಡಿದಳು. ಜೇಬಲ್ಲಿ ಫೋನ್ ಇಟ್ಟುಕೊಂಡು ತಿರುಗೋ ಕಾಲ ಅಲ್ಲ ಅದು. ಕೆಫೆಯವನು ಕೇಳಿದ್ದನ್ನೇ ಹೇಳಿದ: "ಶಿಲುಬೆ ಹತ್ತಿರ ತಿರುಗಿದನಂತಮ್ಮಾ, ಗಿರಣಿ ದಾರಿಗೆ." ಊರಿನ ಗಂಡಸರೆಲ್ಲ ಟಾರ್ಚ್ ಹಿಡಿದು, ಹೊಲದ ಅಡ್ಡದಾರೀಲಿ, ಗಿರಣಿ ದಾರಿಗೆ ಓಡಿದರು. ಕಾಲುವೆಗೆ ಗಳ ಇಳಿಬಿಟ್ಟು ನೋಡಿದರು. ಅವರ ಮುಂದುಗಡೆ ಟಾರ್ಚ್ ಹಿಡಿದಿದ್ದವನು ಅನ್ಸೆಲ್ಮ್.

ಯಾಕೆ ಹೇಳಲಿಲ್ಲ ಅಂತ ನಾನೂ ಕೇಳಿದೆ. "ಮೊದಲನೇ ಗಂಟೇಲಿ ನಾಚಿಕೆ ಆಯ್ತು" ಅಂದ. "ಎರಡನೇ ಗಂಟೇಲಿ ಭಯ ಆಯ್ತು. ಆಮೇಲೆ... ಆಮೇಲೆ ಹೇಳೋಕೆ ಬಾಯೇ ಇರಲಿಲ್ಲ."

ಬೆಳಗ್ಗೆ ರೆಜೀಸ್ ಹಾಲಿನ ಲಾರಿಯವನಿಗೆ ಸಿಕ್ಕಿದ. ತೊಟ್ಟಿ ಪಕ್ಕದ ಚರಂಡಿಯಲ್ಲಿ. ಸೊಂಟ ಮುರಿದಿತ್ತು. ನಡುರಾತ್ರಿವರೆಗೂ ಜೀವ ಇತ್ತು ಅಂದರು ಡಾಕ್ಟರು.

ಅಲ್ಲಿಗೆ ಮುಗಿಯಲಿಲ್ಲ. ಮನೆಗೆ ಹೋದವನು ತೊಟ್ಟಿ ಹತ್ತಿರ ಯಾಕೆ ಬಂದ? ಊರಿನ ಬಾಯಿ ಲೆಕ್ಕ ಹಾಕಿತು. ಆ ದಾರೀಲಿ ಇರೋದು ಒಂದೇ ಮನೆ. ಇವೆತ್. ಗಂಡ ಬಿಟ್ಟವಳು. ಗೆಳೆಯನಿಗೆ ಮನೆಗೆ ಹೋಗ್ತೀನಿ ಅಂತ ಹೇಳಿ, ಕದ್ದು ಅವಳ ಹತ್ತಿರ ಬಂದಿದ್ದಾನೆ ಅಂದರು. ಸಂತೆಯಲ್ಲಿ ಇವೆತ್‌ಳ ಮೇಕೆ ಗಿಣ್ಣನ್ನ ಯಾರೂ ಮುಟ್ಟಲಿಲ್ಲ. ಒಂದು ದಿನ ಮೊರಿಸೆತ್ ಎಲ್ಲರೆದುರು ಅವಳ ಕಾಲ ಹತ್ತಿರ ಉಗಿದಳು.

ಅನ್ಸೆಲ್ಮ್ ನೋಡಿದ. ಚೀಲ ಹೆಗಲಿಗೇರಿಸಿ ಮನೆಗೆ ಹೋದ.

ಮೊರಿಸೆತ್‌ಗೆ ಸೌದೆ ಒಡೆದುಕೊಟ್ಟ, ಮಾಡಿನ ಹೆಂಚು ಹಾಕಿಕೊಟ್ಟ. ತನ್ನ ಸೈಕಲ್ ಮಾತ್ರ ಮುಟ್ಟಲಿಲ್ಲ. ಹದಿಮೂರು ತಿಂಗಳು ಕಳೆದ ಮೇಲೆ, ಆ ನವೆಂಬರ್ ಸಂಜೆ, ಅವಳೇ ಕರೆದು ರೆಜೀಸ್‌ನ ಸೈಕಲ್ ಹೊರಗೆ ತಂದಳು.

"ತಗೊಂಡು ಹೋಗು ಇದನ್ನ. ನನ್ನ ಕಣ್ಣೆದುರು ಬೇಡ."

"ಮೊರಿಸೆತ್, ನಂಗ್ಯಾಕೆ ಇದು..."

"ನಂಗ್ಯಾಕೆ ಮತ್ತೆ? ಇದರ ಮೇಲೆ ಕೂತೇ ಅವಳ ಮನೆಗೆ ಹೋಗ್ತಿದ್ದ. ಇಪ್ಪತ್ತಾರು ವರ್ಷ ಇವನ ಬೆವರಿನ ಅಂಗಿ ಒಗೆದೆ ನಾನು, ಭಾನುವಾರದ ಸೈಕಲ್ಲು ಅಂತ ನಂಬಿಕೊಂಡು." ಅವಳು ಅವನ ಮುಖವನ್ನೇ ನೋಡಿದಳು. "ನಿಂಗೆ ಗೊತ್ತಿತ್ತು ಅಲ್ವಾ? ಗೆಳೆಯನ ಗುಟ್ಟು ಅಂತ ಮುಚ್ಚಿಟ್ಟೆ."

"ನಂಗೇನೂ ಗೊತ್ತಿಲ್ಲ" ಅಂದ, ನೆಲ ನೋಡ್ತಾ. ಅವನು ಹಾಗೆ ಅಂದ ರೀತಿಗೆ, ಗೊತ್ತಿತ್ತು ಅಂತಲೇ ಅವಳು ತಿಳಕೊಂಡಳು. ಅವನು ತಿದ್ದಲಿಲ್ಲ. ಸೈಕಲ್ ಹತ್ತಿ ಹೊರಟ.

ಶಿಲುಬೆ ದಾಟಿದ. ಗಾಳಿ ಇಲ್ಲ. ಗೂಬೆ ಇಲ್ಲ. ಟೈರಿನ ಕೆಳಗೆ ಎಲೆ ಚರಚರ ಅನ್ನುತ್ತಿತ್ತು. ಇಳಿಜಾರು ಬಂತು. ಪೆಡಲ್ ತುಳಿಯೋದು ನಿಲ್ಲಿಸಿದ.

ತುಳಿಯೋದು ನಿಲ್ಲಿಸಿದರೆ ಹಿಂದಿನ ಚಕ್ರ ಟಿಕ್ ಟಿಕ್ ಅನ್ನಬೇಕಲ್ಲ? ರೆಜೀಸ್‌ನ ಸೈಕಲ್ಲಂತೂ ಮಿಡತೆ ಹಾಗೆ ಕಿರುಚೋದು, ಅರ್ಧ ಮೈಲಿ ಕೇಳಿಸೋದು. ಈಗ ಅವನ ಕೆಳಗಿನ ಚಕ್ರ... ತೆಪ್ಪಗಿದೆ.

ಆ ಸದ್ದು ಬರ್ತಿರೋದು ಹಿಂದಿನಿಂದ.

ಟಿಕ್ ಟಿಕ್ ಟಿಕ್ ಟಿಕ್... ಇಪ್ಪತ್ತು ಮಾರು ಹಿಂದೆ. ರಸ್ತೆಯ ಎಡಗಡೆ. ರೆಜೀಸ್ ಬರ್ತಿದ್ದದ್ದೇ ಎಡಗಡೆ.

ಅನ್ಸೆಲ್ಮ್ ತುಳಿದ. ಸದ್ದು ನಿಂತಿತು. ಬಿಟ್ಟ. ಟಿಕ್ ಟಿಕ್ ಟಿಕ್... ಈಗ ಹತ್ತು ಮಾರು. ಕುತ್ತಿಗೆ ತಿರುಗಿಸೋಕೆ ಆಗಲಿಲ್ಲ. ತೊಟ್ಟಿಗೆ ನೀರು ಬೀಳೋ ಸದ್ದು ಕೇಳಿಸಿತು, ತೊಟಕ್... ತೊಟಕ್... ಪಕ್ಕದಲ್ಲೇ ಹಾದು ಹೋದ. ಆಗ...

"ಅನ್ಸೆಲ್ಮ್... ನಿಲ್ಲೋ."

ಜೋರಾಗಲ್ಲ. ಕೂಗಿ ಕೂಗಿ ಗಂಟಲು ಬಿದ್ದವನ ಹಾಗೆ.

ಕಾಲು ತುಳಿಯೋಕೆ ಹೊರಟಿತ್ತಂತೆ. ಇನ್ನೊಂದು ಸಲ ತುಳಿದಿದ್ದರೆ ಫಲಕ ಕಾಣಿಸುತ್ತಿತ್ತು, ದೀಪ ಕಾಣಿಸುತ್ತಿತ್ತು. ಅವನು ಬ್ರೇಕ್ ಹಿಡಿದ. ಸೈಕಲ್ ಮಲಗಿಸಿದ. ಚರಂಡಿಯ ಅಂಚಿಗೆ ಹೋಗಿ ಮಂಡಿಯೂರಿ ಕೂತ. ಕೆಳಗೆ ಬರೀ ಕತ್ತಲೆ. ಕತ್ತಲೆ ಉಸಿರಾಡುತ್ತಿತ್ತು.

"ಬಂದ್ಯಾ?"

"ಬಂದೆ."

"ತಡ ಮಾಡಿದೆ."

"ಹೂಂ... ತಮಾಷೆ ಅಂದುಕೊಂಡೆ ಕಣೋ."

"ಗೊತ್ತು. ಅದು ನನ್ನದೇ ತಪ್ಪು." ಕೆಳಗೆ ಎಲೆ ಸರಿಯಿತು. "ಟಾರ್ಚ್ ಬೆಳಕು ಕಾಣಿಸ್ತಿತ್ತು. ಆಚೆ ಗುಡ್ಡದಲ್ಲಿ. ನೀವು ನನ್ನ ಹೆಸರು ಕೂಗೋದೂ ಕೇಳ್ತಿತ್ತು."

ಅನ್ಸೆಲ್ಮ್ ಅಂಗೈ ಕಚ್ಚಿಕೊಂಡ.

"ಅವಳಿಗೆ ಹೇಳು" ಅಂತು ಆ ದನಿ. "ಸಾವು ಹೋಗಲಿ. ನನ್ನ ಮೇಲಿರೋ ಮಾತು ತೆಗಿ."

ಮುಂದೆ ಏನೂ ಇಲ್ಲ. ಬರೀ ತೊಟಕ್... ತೊಟಕ್...

ಅವನು ಸೈಕಲ್ ತಿರುಗಿಸಿದ. ಬಂದ ದಾರೀಲೇ, ಕತ್ತಲಲ್ಲಿ, ಗುಡ್ಡ ಹತ್ತಿ ಮೊರಿಸೆತ್‌ಳ ಬಾಗಿಲು ತಟ್ಟಿದ. ಅವಳು ಅಡಿಗೆ ಮನೇಲಿ ಅಕ್ರೋಟು ಒಡೀತಿದ್ದಳು. ಅವನು ನಿಂತೇ ಹೇಳಿದ. ಕೂಗಿದ್ದು, ನಿಲ್ಲದೆ ಹೋದದ್ದು, ಕೆಫೆಯ ಮಾತು, ಟಾರ್ಚು, ಎಲ್ಲ. ಅವಳ ಕೈಯಲ್ಲಿನ ಸುತ್ತಿಗೆ ಮೇಲೇ ನಿಂತಿತ್ತು.

"ಹಾಗಾದರೆ ಅವನು ಎಲ್ಲಿಗೂ ತಿರುಗಲಿಲ್ಲ."

"ಇಲ್ಲ."

"ನಿನ್ನ ಹಿಂದೇನೇ ಇದ್ದ."

"ನನ್ನ ಹಿಂದೇನೇ ಇದ್ದ."

"ನಾನು ಅವನ ಫೋಟೋ ಒಲೆಗೆ ಹಾಕಿದೆ, ಗೊತ್ತಾ ನಿಂಗೆ? ಮದುವೇದು. ಇದ್ದದ್ದು ಅದೊಂದೇ." ಅವಳ ದನಿ ಏರಲಿಲ್ಲ. "ಇವತ್ತು ಸಂಜೆ ಬಾಯಿಬಿಟ್ಟು ಕೇಳಿದೆ ನಿನ್ನ. ಆಗಲೂ ನೆಲ ನೋಡಿದೆ. ಹೊರಗೆ ಹೋಗು ಅನ್ಸೆಲ್ಮ್."

ಅವನು ಹೋದ. ಸೈಕಲ್ ಅವಳ ಗೋಡೆಗೆ ಒರಗಿಸಿ, ನಡೆದೇ ಮನೆಗೆ ಹೋದ. ಮಾರನೇ ದಿನ ಕೆಫೆಯಲ್ಲಿ ಎಲ್ಲರೆದುರೂ ನಿಂತು ಅದನ್ನೇ ಹೇಳಿದ. ಯಾರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋದರು. ಅದು ಬೈಗುಳಕ್ಕಿಂತ ಕೆಟ್ಟದ್ದು ಅಂದ. ಅವನು ಸಾಯೋವರೆಗೂ ಮೊರಿಸೆತ್ ಅವನ ಜೊತೆ ಮಾತಾಡಲಿಲ್ಲ. ಅವನೂ ಕ್ಷಮೆ ಕೇಳೋಕೆ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗ್ತಾನೆ?

ಆದರೆ ಇದೊಂದು ಕೇಳಿ. ಮಾರನೇ ಬೆಳಗ್ಗೆ ಮೊರಿಸೆತ್ ಇನ್ನೂ ಯಾರ ಹತ್ತಿರವೂ ಒಂದು ಮಾತು ಆಡಿರಲಿಲ್ಲ. ಕರೀ ಕೋಟು ಹಾಕಿಕೊಂಡು ಇವೆತ್‌ಳ ಹಟ್ಟಿಗೆ ನಡೆದಳು. ಸಂತೆಯಲ್ಲಿ ಉಗಿದಿದ್ದಕ್ಕೆ ತಪ್ಪಾಯಿತು ಅನ್ನೋಕೆ. ಇವೆತ್ ಒಳಗೆ ಕರೆದು ಕಾಫಿ ಬಗ್ಗಿಸಿದಳು. ಆಮೇಲೆ ಸಹಜವಾಗಿ ಕೇಳಿದಳು:

"ನಿನ್ನೆ ರಾತ್ರಿ ಅನ್ಸೆಲ್ಮ್ ಜೊತೆ ನಿಮ್ಮ ಮನೆ ಕಡೆ ಹೋದವನು ಯಾರು?"

"ಜೊತೆಗೆ ಯಾರೂ ಇರಲಿಲ್ಲ. ಅನ್ಸೆಲ್ಮ್ ಒಬ್ಬನೇ."

"ಇಲ್ಲ ಮೊರಿಸೆತ್, ಇಬ್ಬರು. ಮೇಕೆ ಹಟ್ಟಿ ಬಾಗಿಲು ಹಾಕ್ತಿದ್ದೆ, ಇಲ್ಲೇ ಮುಂದೆ ಹಾದು ಹೋದರು. ಬೊನ್‌ಸ್ವಾರ್, ಶುಭ ಸಂಜೆ, ಅಂದೆ. ಮುಂದಿದ್ದ ಅನ್ಸೆಲ್ಮ್ ತಿರುಗಿಯೂ ನೋಡಲಿಲ್ಲ, ಅಳ್ತಾ ಇದ್ದ ಹಾಗಿತ್ತು. ಹಿಂದಿನವನು ಹ್ಯಾಂಡಲ್ ಮೇಲಿಂದ ಒಂದು ಕೈ ಎತ್ತಿದ."

ಇದನ್ನ ಇವೆತ್ ನನಗೇ ಹೇಳಿದ್ದು. ನಾನು ಮೂರು ಸಲ ತಿರುಗಿಸಿ ತಿರುಗಿಸಿ ಕೇಳಿದೆ. ಮೂರು ಸಲವೂ ಇಬ್ಬರು ಅಂತಲೇ ಅಂದಳು. ಯಾವ ಕೈ ಎತ್ತಿದ ಅಂದೆ. ಎಡಗೈ ಅಂದಳು.