ಬೂದೆಮ್ಮನ ಹೊಸ ಅಂಗಡಿ

ರಾಯಚೂರಿನ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಸಿರವಾರದ ವ್ಯಾಪಾರಿ ಸಂಜೀವ ತನ್ನ ಸರದಿಗಾಗಿ ಕಾಯುತ್ತಿದ್ದ. ಪಕ್ಕದ ಬೆಂಚಿನಲ್ಲಿ ಬೂದೆಮ್ಮ ಎಂಬ ಹೆಂಗಸು ತಮ್ಮನ ಮುಂದೆ ಸಿಟ್ಟು ಕಾರುತ್ತಿದ್ದಳು.

“ದೇವದುರ್ಗದಾಗ ಹೊಲಿಗಿ ಅಂಗಡಿ ಬ್ಯಾರೆ ಓಣಿಗೆ ತಂದು ಆರು ತಿಂಗಳಾತು. ವಿಳಾಸ ಬದಲಿಸ್ತೀನಿ ಅಂದ ಆ ಮಾನ್ವಿ ಲೆಕ್ಕದವ ಬದಲಿಸೇ ಇಲ್ಲ!”

“ನೋಟಿಸ್ ಬಂದಿರಬೇಕಲ್ಲಕ್ಕಾ?”

“ಬಂದದ, ಅವನ ಮೇಲ್‌ಗೆ! ಆಫೀಸರ್ ಹಳೇ ಅಂಗಡಿಗೆ ಹೋಗಿ, ಬೀಗ ನೋಡಿ, ನನ್ನ ಜಿಎಸ್‌ಟಿ ನಂಬರ್ ಬಂದ್ ಮಾಡ್ಯಾರ. ಸಾಲಿ ಮಕ್ಕಳ ನಾನೂರು ಜೋಡಿ ಬಟ್ಟಿ ಹೊಲಿದಿಟ್ಟೀನಿ. ಬಿಲ್ ಇಲ್ದ ಯಾರು ತಗೋತಾರ?”

“ಹೊಸ ವಿಳಾಸ ಬರೆದು, ನಂಬರ್ ಮತ್ತ ಚಾಲೂ ಮಾಡ್ರಿ ಅಂತ ಅರ್ಜಿ ಕೊಟ್ಟೀಯಲ್ಲ?”

“ವಾರಾತು. ಏನಾತಂತ ಕೇಳಾಕನ ಬಂದೀನಿ.”

ಅಷ್ಟರಲ್ಲಿ ಅವಳಿಗೆ ಫೋನು ಬಂತು.

“ಯಾರಕ್ಕಾ?”

“ಬಾಜೂ ಅಂಗಡಿ ಮೌನೇಶ್ವರಿ. ಹೊಸ ಅಂಗಡಿ ನೋಡಾಕ ಆಫೀಸರ್ ಈಗ ಬಂದಾರಂತ. ಬೀಗ ಹಾಕ್ಯದಂತ ಬರ್ಕೊಳ್ಳಾಕತ್ತಾರಂತ!”

“ಯಪ್ಪಾ! ಚಾವಿ?”

“ನನ್ನ ಹತ್ರನ ಅದ!” ಎಂದವಳು ಫೋನಿಗೆ ಕೂಗಿದಳು, “ಮೌನೇಶ್ವರಿ, ಬೀಗ ಒಡಿ ಬೇ! ಒಳಗ ಹೋಗಿ ಮಷಿನ್ ತುಳಿ! ಅಂಗಡಿ ನಡ್ಯಾಕತ್ತದಂತ ಅವರು ನೋಡ್ಲಿ!”

ಫೋನಿನೊಳಗಿಂದ ಕಲ್ಲಿನ ಏಟುಗಳು ಸಂಜೀವನಿಗೂ ಕೇಳಿಸಿದವು.

“ಬೀಗ ಒಡೀತಂತ, ಆಫೀಸರ್ ಒಳಗ ಬಂದಾರಂತ, ನಡಿಯಲೇ!” ಎನ್ನುತ್ತಾ ಬೂದೆಮ್ಮ ತಮ್ಮನ ರಟ್ಟೆ ಹಿಡಿದು ಮೆಟ್ಟಿಲಿಳಿದಳು.