ಎಡಗೈಯ ಕೆಂಪು ದೀಪ

ಬಾಗಿಲು ಹಾಕ್ಕೊಂಡು ಬಾ. ದೀಪ ಇರಲಿ, ಸಣ್ಣಗೆ ಮಾಡು ಸಾಕು. ನಗೋರು ಈಗಲೇ ನಕ್ಕುಬಿಡಿ. ಆಮೇಲೆ ನಡುವೆ ಕಿಸಕ್ ಅಂದ್ರೆ ನಾನು ಮುಸುಕು ಹೊದ್ದು ಮಲಗ್ತೀನಿ, ಎಷ್ಟು ಗೋಗರೆದ್ರೂ ಹೇಳಲ್ಲ. ಇದು ಅವರಿವರು ಹೇಳಿದ್ದಲ್ಲ. ನನ್ನ ಚಿಕ್ಕಮ್ಮನ ಮಗಳಿಗೆ ಆಗಿದ್ದು. ನನ್ನ ತಂಗಿಗೆ.

ಅವತ್ತು ರಾತ್ರಿ ಅವಳು ಕೆಲಸ ಮುಗಿಸಿ ಬಾವಿ ದಾರೀಲಿ ಬರ್ತಿದ್ಲು. ರೈಲ್ವೆ ಸ್ಟೇಷನ್ ಹಿಂದಿನ ಹಳೇ ಬಾವಿ. ಕೊನೇ ಲೋಕಲ್ ಹೋಗಿಯಾಗಿತ್ತು. ಬೀದೀಲಿ ಒಂದು ನಾಯಿ ಕೂಡ ಇಲ್ಲ. ಹೆಗಲ ಚೀಲದಲ್ಲಿ ಉಳಿ, ಸುತ್ತಿಗೆ... ಕಾಲು ಎತ್ತಿಟ್ಟ ಹಾಗೆಲ್ಲಾ ಟಣ್... ಟಣ್... ಮನೆ ಕಡೆ ತಿರುಗೋ ಜಾಗದಲ್ಲಿ ಅವಳು ತಿರುಗಲಿಲ್ಲ. ಸೀದಾ ಸ್ಟೇಷನ್ ಕಡೆ ಹೊರಟ್ಲು.

ಆಗ ಬಾವಿಕಟ್ಟೆಯಿಂದ ಸದ್ದು. ಕುಂಯ್... ಕುಂಯ್... ಬೂದಿ ಬಟ್ಟೇಲಿ ಗಾಜು ತಿಕ್ಕೋ ಸದ್ದು. ಅವಳಮ್ಮ ದಿನಾ ಸಂಜೆ ಅದೇ ಕಟ್ಟೆ ಮೇಲೆ ಕೂತು ಕೈದೀಪದ ಗಾಜು ತಿಕ್ತಿದ್ಲು.

ಅವಳಮ್ಮ ಸತ್ತು ಎಷ್ಟೋ ವರ್ಷ ಆಗಿತ್ತು.

ತಡೀರಿ, ಚಿಕ್ಕಮ್ಮನ ವಿಷಯ ಹೇಳದೆ ಮುಂದಕ್ಕೆ ಹೋದ್ರೆ ನಿಮಗೇನೂ ತಿಳಿಯಲ್ಲ. ಸ್ಟೇಷನ್ ದಾಟಿ ಸ್ವಲ್ಪ ದೂರದಲ್ಲಿ ರಸ್ತೆ ಹಳಿ ದಾಟುತ್ತಲ್ಲ, ಅಲ್ಲಿ ಗೇಟು ಹಾಕಿ ತೆಗೆಯೋ ಕೆಲಸ ಅವಳದು. ಊರೆಲ್ಲಾ ಗೇಟಮ್ಮ ಅಂತಿತ್ತು. ಎಡಗೈಯವಳು. ಊಟ ಒಂದು ಬಿಟ್ಟು ಎಲ್ಲಾದಕ್ಕೂ ಎಡಗೈ. ನಮ್ಮಜ್ಜಿ ಬೈದು ಬೈದು ಸಾಕಾದ್ಲು. "ಎಡಚಿ, ಎಡಚಿ" ಅಂದ್ರೆ ಚಿಕ್ಕಮ್ಮ, "ದೇವ್ರು ಎರಡು ಕೈ ಕೊಟ್ಟಿದಾನೆ, ನಿಮಗ್ಯಾಕೆ ಒಂದರ ಮೇಲೆ ಹೊಟ್ಟೆಕಿಚ್ಚು?" ಅಂತಿದ್ಲು.

ಒಂದು ರಾತ್ರಿ ಹಾಲಿನ ವ್ಯಾನು ಹಳಿ ಮೇಲೆ ಸಿಕ್ಕಿಹಾಕ್ಕೊಂಡ್ತು. ರೈಲು ಬರೋ ಹೊತ್ತು. ಚಿಕ್ಕಮ್ಮ ಕೆಂಪು ದೀಪ ಎತ್ತಿಕೊಂಡು ರೈಲಿಗೆ ಎದುರಾಗಿ ಓಡಿದ್ಲು... ರೈಲು ನಿಲ್ಲಲಿಲ್ಲ. ವ್ಯಾನಿನವನು ಹಾರಿಕೊಂಡು ಓಡಿದವನು ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ಇವಳು ಹೋದ್ಲು.

ಆಮೇಲೆ ವಿಚಾರಣೆ ನಡೀತು. ಮೇಲಿನವರು ಏನಂದ್ರು ಗೊತ್ತಾ? ಗೇಟಿನವಳು ದೀಪ ತೋರಿಸಲೇ ಇಲ್ಲ, ನಿದ್ದೆ ಮಾಡ್ತಿದ್ಲು, ತಪ್ಪು ಅವಳದೇ. ಸತ್ತವಳ ತಲೆ ಮೇಲೆ ಗೂಬೆ ಕೂರಿಸೋದು ಸುಲಭ ನೋಡಿ, ಎದ್ದು ಬಂದು ಕೇಳ್ತಾಳಾ? ನನಗೆ ಈಗಲೂ ಮೈ ಉರಿಯುತ್ತೆ. ನನ್ನ ತಂಗಿ ಆಗ ಲಂಗ ಹಾಕೋ ಹುಡುಗಿ. ಬಂದವರಿಗೆಲ್ಲಾ ಒಂದೇ ಮಾತು: "ನಮ್ಮಮ್ಮ ದೀಪ ತೋರಿಸಿದ್ಲು." ಪಾಪ, ಯಾರು ಕೇಳ್ತಾರೆ?

ದೊಡ್ಡವಳಾಗಿ ಟೈಲ್ಸ್ ಕೂರಿಸೋ ಕೆಲಸ ಕಲಿತ್ಲು. ಕೈ ಅಂದ್ರೆ ಕೈ! ಒಡೆದ ಚೂರಲ್ಲೇ ಹೂವು, ಹಕ್ಕಿ ಮಾಡೋಳು. ಅಷ್ಟೊತ್ತಿಗೆ ಲೋಕಲ್ ಸ್ಟೇಷನ್‌ಗಳ ಗೋಡೆ ಮೇಲೆಲ್ಲಾ ಚಿತ್ರ ಮಾಡಿಸ್ಬೇಕು ಅಂತ ಹುಕುಂ ಬಂತು. ನಮ್ಮ ಸ್ಟೇಷನ್ ಗೋಡೆ ಇವಳ ಪಾಲಿಗೆ ಬಂತು. ಚೂರು ಒಡೆದುಕೊಟ್ಟೋಳು ನಾನೇ. ನೋಡಿ, ಈ ಹೆಬ್ಬೆರಳಿನ ಗಾಯ ಅವತ್ತಿನದು.

ಆ ಕೆಲಸದ ರೀತಿ ಹೀಗೆ. ಮೊದಲು ಮನೇಲಿ ದೊಡ್ಡ ಕಾಗದದ ಮೇಲೆ ಚೂರುಗಳನ್ನ ಬೋರಲಾಗಿ, ಬಣ್ಣದ ಮುಖ ಕೆಳಗೆ ಮಾಡಿ ಅಂಟಿಸ್ಬೇಕು. ಆಮೇಲೆ ಆ ಕಾಗದಾನ ಎತ್ತಿ ಗೋಡೆಯ ಹಸಿ ಸಿಮೆಂಟಿಗೆ ಒತ್ತೋದು. ಸಿಮೆಂಟು ಕಚ್ಚಿದ ಮೇಲೆ ಕಾಗದ ನೆನೆಸಿ ಕಿತ್ತರೆ ಚಿತ್ರ. ಆದ್ರೆ ಕಾಗದದಲ್ಲಿ ಎಡಕ್ಕಿದ್ದದ್ದು ಗೋಡೇಲಿ ಬಲಕ್ಕೆ ಬರುತ್ತೆ. ಅದಕ್ಕೆ ಮೊದಲೇ ತಿರುಗಾಮುರುಗಾ ಬರ್ಕೋಬೇಕು. ಇವಳಿಗೆ ಅದು ನೀರು ಕುಡಿದಷ್ಟು ಸಲೀಸು. ರೈಲು ಸರಿ ಬಂತು, ಗಡಿಯಾರ ಸರಿ ಬಂತು. ಅಮ್ಮನನ್ನ ಮಾತ್ರ ಬರ್ಕೊಳ್ಳದೆ ಕಣ್ಣೀರು ಸುರಿಸ್ತಾ ನೆನಪಿಂದಲೇ ಜೋಡಿಸಿದ್ಲು. ನೆನಪಲ್ಲಿ ಅಮ್ಮನ ಎಡಗೈಲಿ ದೀಪ. ಕಾಗದದಲ್ಲೂ ಎಡಗೈಲಿ ಇಟ್ಟುಬಿಟ್ಲು.

ಗೋಡೆ ಮೇಲೆ ಕಾಗದ ಕಿತ್ತಾಗ ನಾನು ಪಕ್ಕದಲ್ಲೇ ಇದ್ದೆ. ಆಳೆತ್ತರದ ಗೇಟಮ್ಮ, ಅದೇ ಮೂಗು, ಅದೇ ಹಟದ ಗಲ್ಲ. ಕೆಂಪು ದೀಪ ಮಾತ್ರ ಬಲಗೈಲಿ. ನನ್ನ ತಂಗಿ ಆ ಬಲಗೈನ ಸವರಿದ್ಲು. "ಅಕ್ಕಾ, ಅಮ್ಮ ಬದುಕಿದ್ದಾಗ ಅಜ್ಜಿ ಕೈಲಿ ಆಗದ್ದನ್ನ ನಾನು ಮಾಡಿಬಿಟ್ಟೆ" ಅಂದ್ಲು. ಸಿಮೆಂಟು ಕಚ್ಚಿತ್ತು, ಏನೂ ಮಾಡೋ ಹಾಗಿರಲಿಲ್ಲ. ಆದ್ರೂ ಜನ ಇಷ್ಟಪಟ್ರು. ರೈಲಿಗೆ ಹೊರಟೋರು ಚಿತ್ರದ ಕಾಲು ಮುಟ್ಟಿ ಹೋಗೋರು.

ಆಮೇಲೆ ಬಂದ ಒಬ್ಬ ಹೊಸ ಸಾಹೇಬ. ಗೋಡೆ ನೋಡಿದ, ಯಾರದು ಚಿತ್ರ ಅಂತ ಕೇಳಿದ. "ಕರ್ತವ್ಯದಲ್ಲಿ ನಿದ್ದೆ ಮಾಡಿದವಳಿಗೆ ಗೋಡೆ ಮೇಲೆ ಮರ್ಯಾದೇನಾ? ಒಡೆದು ಹಾಕಿ. ಲೈಟು ಉರಿಯೋ ಜಾಹೀರಾತು ಬೋರ್ಡು ಹಾಕಿಸೋಣ" ಅಂದ. ನನ್ನ ತಂಗಿ ಅವನ ಮುಖಕ್ಕೇ ಹೇಳಿದ್ಲು, "ನಮ್ಮಮ್ಮ ದೀಪ ತೋರಿಸಿದ್ಲು ಸಾರ್." ಅವನು, "ನೋಡಿದೋರು ಯಾರಮ್ಮ?" ಅಂದ. ಅಷ್ಟೇ. ಮಾರನೇ ದಿನ ಬೆಳಕು ಹರಿಯೋ ಮುಂಚೆ ಒಡೆಯೋದು ಅಂತಾಯ್ತು.

ಅದಕ್ಕೇ ಆ ರಾತ್ರಿ ಉಳಿ, ಸುತ್ತಿಗೆ. ಅವರು ಒಡೆಯೋ ಮುಂಚೆ ಅಮ್ಮನನ್ನ ಮಾತ್ರ ಬಿಡಿಸಿ ಮನೆಗೆ ತಂದುಬಿಡೋಣ ಅಂತ.

ಬಾವಿ ಹತ್ರ ಅವಳು ಹಿಂದೆ ತಿರುಗಲಿಲ್ಲ. ಪ್ಲಾಟ್‌ಫಾರ್ಮ್ ಹತ್ತಿದ್ಲು. ಗೋಡೆ ಮುಂದೆ ಕೂತು ಚಿತ್ರದ ಅಂಚಿಗೆ ಉಳಿ ಇಟ್ಲು. ಒಂದೇಟು ಹಾಕಿದ್ಲು... ಟಕ್.

ಕಿವಿ ಹತ್ರ ಉಸಿರು. ಸೀಮೆಎಣ್ಣೆ ವಾಸನೆ.

"ಉಳಿ ಇಳಿಸು."

"...ಅಮ್ಮಾ?"

"ನನ್ನನ್ನ ಎಲ್ಲಿಗೆ ಬಚ್ಚಿಡೋಕೆ ಒಯ್ತೀಯೇ? ನಾನೇನು ಕದ್ದಿದೀನಾ?"

"ಬೆಳಗ್ಗೆ ಒಡೀತಾರಮ್ಮ..."

"ಒಡೀಲಿ, ನೋಡೇಬಿಡ್ತೀನಿ. ನಾನು ಕದಲಲ್ಲ."

ಆಮೇಲೆ ಸದ್ದು. ಕಿರಕ್... ಕಿರಕ್... ಕೈದೀಪದ ತಂತಿ ಹಿಡಿ ತೂಗೋ ಸದ್ದು. ಪ್ಲಾಟ್‌ಫಾರ್ಮ್ ಇಳಿದು, ಜಲ್ಲಿ ಮೇಲೆ ಚರಕ್ ಚರಕ್ ಅಂತ ಗೇಟಿನ ಕಡೆ ಹೋಯ್ತು. ಇವಳು ಗೋಡೆಗೆ ಟಾರ್ಚು ಬಿಟ್ಲು. ಅಮ್ಮ ಇದಾಳೆ. ಬಲಗೈ ಖಾಲಿ... ದೀಪ ಇಲ್ಲ.

ಅವಳು ಓಡಿಹೋಗಲಿಲ್ಲ. ನಾನಾಗಿದ್ರೆ ಎದ್ದೆನೋ ಬಿದ್ದೆನೋ ಅಂತ ಓಟ ಕಿತ್ತಿರ್ತಿದ್ದೆ. ಅವಳು ಉಳಿ ಸುತ್ತಿಗೇನ ಚೀಲಕ್ಕೆ ಹಾಕಿ, ಗೋಡೆಗೆ ಬೆನ್ನು ಕೊಟ್ಟು ಕೂತ್ಲು. "ನಾನೂ ಕದಲಲ್ಲ ಹೋಗು" ಅಂದ್ಲಂತೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ!

ಬೆಳಗಿನ ಮೊದಲ ರೈಲಿನ ಹೊತ್ತು, ಇನ್ನೂ ಕತ್ತಲು. ದೂರದಲ್ಲಿ ಕೂಗು. ಆಮೇಲೆ ಕ್ರೀಽಽಚ್... ಬ್ರೇಕು. ಇವಳು ಗೇಟಿನ ಕಡೆ ಓಡಿದ್ಲು.

ಹಳಿ ಮೇಲೆ ಒಂದು ಲಾರಿ ಅಡ್ಡ ನಿಂತಿದೆ. ಹಿಂದೆ ಆ ಜಾಹೀರಾತು ಬೋರ್ಡು, ಅದರ ಪಕ್ಕ ಗೋಡೆ ಒಡೆಯೋ ಆಳುಗಳು. ಮುಂದೆ ಡ್ರೈವರ್ ಪಕ್ಕ ಸಾಹೇಬ. ಚಿಕ್ಕಮ್ಮ ಹೋದಮೇಲೆ ಅಲ್ಲಿಗೆ ಯಾರನ್ನೂ ಹಾಕಿರಲಿಲ್ಲ, ಗೇಟು ತುಕ್ಕು ಹಿಡಿದು ಬಿದ್ದಿತ್ತು. ಚಕ್ರ ಹಳಿ ಸಂದಿಗೆ ಸಿಕ್ಕಿತ್ತು. ಲಾರಿ ಬಾಗಿಲು ಕಚ್ಚಿಕೊಂಡು ತೆಗೆಯೋಕೆ ಬರ್ತಿಲ್ಲ. ರೈಲು ಒಂದು ಮಾರು ದೂರದಲ್ಲಿ ನಿಂತು ಬುಸ್... ಬುಸ್... ಅಂತಿದೆ.

ಎಂಜಿನ್ ಓಡಿಸೋನು ಇಳಿದು ಬಂದ. ಬೇರೆ ಊರಿನವನು, ಈ ಲೈನಿಗೆ ಹೊಸಬ. ಸಾಹೇಬನ ಹತ್ರ ಕೈ ಮುಗಿದು, "ಸಾರ್, ನಿಮ್ಮ ಗೇಟಿನಮ್ಮ ಎಲ್ಲಿ? ಕಾಲಿಗೆ ಬೀಳ್ಬೇಕು. ಕೆಂಪು ದೀಪ ಎತ್ತಿಕೊಂಡು ನನ್ನೆದುರಿಗೇ ಓಡಿ ಬಂದ್ರು. ಎಡಗೈಲಿ. ಇಲ್ಲದಿದ್ರೆ ನಿಮ್ಮ ಕತೆ ಮುಗೀತಿತ್ತು" ಅಂದ.

ಸಾಹೇಬನ ಮುಖ ಸುಣ್ಣ ಬಳಿದ ಹಾಗಾಯ್ತು. ಆಳುಗಳು ಲಾರಿಯಿಂದ ಇಳಿದು ದೂರ ಹೋಗಿ ನಿಂತ್ರು. ನನ್ನ ತಂಗಿ ಲಾರಿ ಕಿಟಕಿಗೇ ಬಂದ್ಲು. ಕೂಗಾಡಲಿಲ್ಲ.

"ನೋಡಿದೋರು ಯಾರು ಅಂದ್ರಲ್ಲ ಸಾರ್... ಬಂದಿದಾರೆ. ಈಗ ನಿಮ್ಮ ಬಾಯಲ್ಲೇ ಹೇಳಿ. ನಮ್ಮಮ್ಮ ದೀಪ ತೋರಿಸಿದ್ಲೋ ಇಲ್ವೋ?"

ಅವನು ತುಟಿ ಒದ್ದೆ ಮಾಡ್ಕೊಂಡ. "...ತೋರಿಸಿದ್ರು."

"ಜೋರಾಗಿ ಹೇಳಿ. ಅವರಿಗೆಲ್ಲಾ ಕೇಳಲಿ."

"ತೋರಿಸಿದ್ರಮ್ಮ! ತೋರಿಸಿದ್ರು!"

ಆಗ ಅತ್ಲು ನೋಡಿ ನನ್ನ ತಂಗಿ. ಅಷ್ಟು ವರ್ಷದ್ದೆಲ್ಲಾ ಸೇರಿಸಿ, ಹಳಿ ಮೇಲೆ ಕೂತು ಹೋ ಅಂತ ಅತ್ಲು.

ಗೋಡೆ ಯಾರೂ ಮುಟ್ಟಲಿಲ್ಲ. ಬೋರ್ಡು ಎಲ್ಲಿಗೆ ಹೋಯ್ತೋ ನನಗೆ ಗೊತ್ತಿಲ್ಲ, ಬೇಕಾಗೂ ಇಲ್ಲ. ಏನು, ಎಂಜಿನ್‌ನವನು ನಿದ್ದೆಗಣ್ಣಲ್ಲಿ ನೋಡಿದ ಅಂತೀಯಾ? ಅನ್ನು. ನಿನ್ನ ನಾಲಗೆಗೆ ಮೂಳೆ ಇಲ್ಲ. ನಾಳೆ ಬೆಳಗ್ಗೆ ನನ್ನ ಜೊತೆ ಸ್ಟೇಷನ್‌ಗೆ ಬಾ. ಚೂರು ಒಡೆದುಕೊಟ್ಟೋಳು ನಾನು, ಕಾಗದ ಕಿತ್ತಾಗ ದೀಪ ಯಾವ ಕೈಲಿತ್ತು ಅಂತ ನನಗೆ ಗೊತ್ತು. ಚೂರುಗಳ ನಡುವಿನ ಸಿಮೆಂಟು ಹಳೇದೇ, ಎಲ್ಲೂ ಕಿತ್ತಿಲ್ಲ, ಎಲ್ಲೂ ತೇಪೆ ಇಲ್ಲ. ಉಗುರು ಹಾಕಿ ಕೆರೆದು ನೋಡು ಬೇಕಾದ್ರೆ.

ದೀಪ ಈಗ ಎಡಗೈಲಿದೆ.